ಇರಲಿಲ್ಲ ಎಂಬುದಕ್ಕೆ ಸಾಕ್ಷಿ

ಸೌರಫಲಕದ ವಿನ್ಯಾಸವೊಂದಕ್ಕೆ ಪೇಟೆಂಟ್ ಕೋರಿ ಅರ್ಜಿ ಬಂದಾಗ ಪರೀಕ್ಷಕ ಮೊದಲು ಕೇಳುವುದು, ಇದು ಇದಕ್ಕೆ ಮುಂಚೆ ಎಲ್ಲಾದರೂ ಇತ್ತೇ ಎಂದು. ಪ್ರಶ್ನೆ ಸರಳ, ಅದರೊಳಗಿನ ತೊಡಕು ಬಹಳ ಹಳೆಯದು. ಇರುವುದನ್ನು ಕಣ್ಣಿಗೆ ತೋರಿಸಬಹುದು, ಇಲ್ಲದ್ದನ್ನು ತೋರಿಸುವ ಬಗೆ ಹೇಗೆ? ಅದು ಹಾಗಿರಲಿ, ಮೊದಲೇ ಇದ್ದ ಪದಾರ್ಥಗಳಿಂದ, ಮೊದಲೇ ಇದ್ದ ನಿಸರ್ಗ ನಿಯಮಗಳಿಗೆ ಒಳಪಟ್ಟೇ ಆದ ವಸ್ತುವನ್ನು ಹೊಸತು ಎಂದು ಕರೆಯುವುದಾದರೂ ಯಾವ ಅರ್ಥದಲ್ಲಿ? ಭಾರತೀಯ ದರ್ಶನಗಳು ಮೊದಲ ಪ್ರಶ್ನೆಯನ್ನು ಅಭಾವದ ಚರ್ಚೆಯಲ್ಲಿಯೂ ಎರಡನೆಯದನ್ನು ಕಾರ್ಯಕಾರಣದ ಚರ್ಚೆಯಲ್ಲಿಯೂ ಶತಮಾನಗಳ ಕಾಲ ಹಿಂಜಿ ನೋಡಿವೆ. ಪೇಟೆಂಟ್ ಕಾನೂನು ಆ ಗ್ರಂಥಗಳಿಂದ ಬಂದದ್ದಲ್ಲ. ಅದರ ವಂಶಾವಳಿಯನ್ನು ಸಾಮಾನ್ಯವಾಗಿ 1474ರಲ್ಲಿ ವೆನಿಸ್ ನಗರ ಹೊರಡಿಸಿದ ಶಾಸನದಿಂದ ಗುರುತಿಸುತ್ತಾರೆ. ಆದರೂ ವ್ಯಾಪಾರದ ಅಗತ್ಯಕ್ಕೆ ಹುಟ್ಟಿದ ಆ ಕಾನೂನು ತನ್ನದೇ ದಾರಿಯಲ್ಲಿ ನಡೆದು ತಲುಪಿದ ಜಾಗಗಳಲ್ಲಿ ಸಾಂಖ್ಯರು, ನೈಯಾಯಿಕರು, ಮೀಮಾಂಸಕರು ಮೊದಲೇ ನಿಂತು ವಾದಿಸಿದ್ದರು. ಅವರ ವಾದಗಳನ್ನು ಕೈಯಲ್ಲಿ ಹಿಡಿದು ಸೌರಫಲಕದ ಪರೀಕ್ಷೆಯನ್ನು ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ: ಹೊಸತನವು ವಸ್ತುವಿನೊಳಗೆ ಕೂತಿರುವ ಗುಣವಲ್ಲ, ಆ ವಸ್ತು ಹುಟ್ಟುವ ಮುಂಚಿನ ಕಾಲದಲ್ಲಿ ನಿಂತವರಿಗೆ ಮಾತ್ರ ಕಾಣುವಂಥದ್ದು.

ಇಂದಿನ ಸಿಲಿಕಾನ್ ಸೌರಫಲಕಗಳ ಮೂಲಪುರುಷ ಎನ್ನಬಹುದಾದ ಪೇಟೆಂಟ್ ಅಮೆರಿಕದ್ದು, ಸಂಖ್ಯೆ 2780765. ಬೆಲ್ ಪ್ರಯೋಗಾಲಯದ ಡ್ಯಾರಿಲ್ ಚಾಪಿನ್, ಕ್ಯಾಲ್ವಿನ್ ಫುಲ್ಲರ್ ಮತ್ತು ಜೆರಾಲ್ಡ್ ಪಿಯರ್ಸನ್ ಅದರ ಆವಿಷ್ಕಾರಕರು. 1954ರ ಮಾರ್ಚ್ 5ರಂದು ಅರ್ಜಿ ಸಲ್ಲಿಕೆಯಾಯಿತು. 1957ರ ಫೆಬ್ರವರಿ 5ರಂದು ಪೇಟೆಂಟ್ ಸಿಕ್ಕಿತು. ಆ ಹೊತ್ತಿಗೆ ಏನೇನು ಗೊತ್ತಿತ್ತು ಎಂದು ಲೆಕ್ಕ ಹಾಕಿದರೆ ಮೂವರ ಪಾಲಿಗೆ ಹೊಸತೇನೂ ಉಳಿದಿರಲಿಲ್ಲವೇನೋ ಅನ್ನಿಸುತ್ತದೆ. ಬೆಳಕು ಬಿದ್ದರೆ ವಿದ್ಯುತ್ ಹುಟ್ಟುವುದನ್ನು ಫ್ರಾನ್ಸಿನ ಎಡ್ಮಂಡ್ ಬೆಕೆರೆಲ್ 1839ರಲ್ಲಿ, ತನ್ನ ಹತ್ತೊಂಬತ್ತನೆಯ ವಯಸ್ಸಿನಲ್ಲಿ, ದ್ರಾವಣದಲ್ಲಿ ಅದ್ದಿದ ಲೋಹದ ಪಟ್ಟಿಗಳಲ್ಲಿ ಕಂಡಿದ್ದ. ಘನವಸ್ತುವಾದ ಸೆಲಿನಿಯಂನಲ್ಲಿಯೂ ಹಾಗೇ ಆಗುತ್ತದೆಂದು ಆಡಮ್ಸ್ ಮತ್ತು ಡೇ 1876ರಲ್ಲಿ ತೋರಿಸಿದ್ದರು. ನ್ಯೂಯಾರ್ಕಿನ ಚಾರ್ಲ್ಸ್ ಫ್ರಿಟ್ಸ್ 1883ರಲ್ಲಿ ಸೆಲಿನಿಯಂ ಮೇಲೆ ಚಿನ್ನದ ತೆಳು ಪದರ ಹಚ್ಚಿ ಕೋಶವನ್ನೇ ಮಾಡಿದ್ದ. ಅದು ಬಿಸಿಲಿನ ಸುಮಾರು ಶೇ. 1ರಷ್ಟನ್ನು ವಿದ್ಯುತ್ತಾಗಿಸುತ್ತಿತ್ತು. ಬೆಳಕಿನ ಕಣಗಳು ಲೋಹದಿಂದ ಎಲೆಕ್ಟ್ರಾನುಗಳನ್ನು ಹೊರದೂಡುವ ಬಗೆಯನ್ನು ಐನ್‌ಸ್ಟೈನ್ 1905ರಲ್ಲಿ ವಿವರಿಸಿಯಾಗಿತ್ತು. ಬೆಲ್ ಪ್ರಯೋಗಾಲಯದಲ್ಲಿಯೇ ರಸೆಲ್ ಓಲ್ 1940ರ ಸುಮಾರಿಗೆ ಸಿಲಿಕಾನ್ ತುಂಡೊಂದು ಬೆಳಕಿಗೆ ವಿಪರೀತವಾಗಿ ಸ್ಪಂದಿಸುವುದನ್ನು ಕಂಡು, ಅದಕ್ಕೆ 1946ರಲ್ಲಿ ಪೇಟೆಂಟ್ ಪಡೆದಿದ್ದ.

ಹಾಗಾದರೆ ಮೂವರು ಮಾಡಿದ್ದೇನು? ತೇವ ತುಂಬಿದ ಉಷ್ಣವಲಯದಲ್ಲಿ ದೂರವಾಣಿ ಉಪಕರಣಗಳ ಒಣ ಬ್ಯಾಟರಿ ಬೇಗ ಕೆಡುತ್ತಿತ್ತು. ಅದಕ್ಕೆ ಬದಲಿ ಹುಡುಕುತ್ತ ಚಾಪಿನ್ ಸೆಲಿನಿಯಂ ಹಿಡಿದು ಒದ್ದಾಡುತ್ತಿದ್ದ. ಪಿಯರ್ಸನ್ ಸಿಲಿಕಾನ್ ಕಡೆ ಬೆರಳು ತೋರಿಸಿದ. ಲಿಥಿಯಂ ಸೇರಿಸಿ ಮಾಡಿದ ಮೊದಲ ಕೋಶದಲ್ಲಿ ಲಿಥಿಯಂ ಕೋಣೆಯ ಬಿಸಿಯಲ್ಲಿಯೇ ಒಳಕ್ಕೆ ಸರಿದುಹೋಗುತ್ತಿತ್ತು. ಕೊನೆಗೆ ಫುಲ್ಲರ್ ಆರ್ಸೆನಿಕ್ ಬೆರೆತ ಸಿಲಿಕಾನಿನ ಮೇಲ್ಮೈಗೆ ಬೋರಾನನ್ನು ಬಿಸಿಯಲ್ಲಿ ಇಳಿಸಿದಾಗ, ವಿದ್ಯುತ್ತನ್ನು ಬೇರ್ಪಡಿಸುವ ಸಂಧಿ ಬಿಸಿಲು ತಟ್ಟುವ ಮೇಲ್ಮೈಗೆ ತೀರ ಹತ್ತಿರದಲ್ಲಿ ಬಂದು ನಿಂತಿತು. ದಕ್ಷತೆ ಶೇ. 6ಕ್ಕೆ ಏರಿತು. ಸಿಲಿಕಾನ್ ಹಳೆಯದು, ಬೋರಾನ್ ಹಳೆಯದು, ಬೆಳಕಿನ ಪರಿಣಾಮ ಹಳೆಯದು. ಹೊಸತಾದದ್ದು ಒಂದು ಪದರ ಎಷ್ಟು ತೆಳ್ಳಗೆ, ಎಲ್ಲಿ, ಯಾವ ರೀತಿಯಲ್ಲಿ ಕೂರಬೇಕು ಎಂಬುದು.

ಈಶ್ವರಕೃಷ್ಣನ ಸಾಂಖ್ಯಕಾರಿಕೆ ಇಂಥ ಸಂದರ್ಭಕ್ಕೆ ನಿಷ್ಠುರವಾದ ಉತ್ತರ ಕೊಡುತ್ತದೆ. ಕಾರ್ಯವು ಹುಟ್ಟುವ ಮೊದಲೇ ಕಾರಣದಲ್ಲಿ ಇರುತ್ತದೆ ಎಂಬುದು ಅದರ ಸತ್ಕಾರ್ಯವಾದ. ಇಲ್ಲದ್ದನ್ನು ಯಾರೂ ಉಂಟುಮಾಡಲಾರರು. ಎಣ್ಣೆ ಬೇಕಾದವನು ಎಳ್ಳನ್ನೇ ತರುತ್ತಾನೆ, ಮರಳನ್ನಲ್ಲ. ಎಲ್ಲದರಿಂದ ಎಲ್ಲವೂ ಆಗುವುದಿಲ್ಲ. ಯಾವುದಕ್ಕೆ ಶಕ್ತಿಯಿದೆಯೋ ಅದರಿಂದಲೇ ಅದಕ್ಕೆ ತಕ್ಕದ್ದು ಆಗುತ್ತದೆ. ಕಾರ್ಯವು ಕಾರಣದ ಸ್ವಭಾವದ್ದೇ. ಈ ಐದು ಹೇತುಗಳನ್ನು ಬೆಲ್ ಕೋಶಕ್ಕೆ ಹಚ್ಚಿದರೆ, ಸಿಲಿಕಾನಿನಲ್ಲಿ ಆ ಶಕ್ತಿ ಮೊದಲಿಂದಲೂ ಇತ್ತು, ಮೂವರು ಅದನ್ನು ಹೊರಗೆ ತಂದರು ಅಷ್ಟೇ ಎಂದಾಗುತ್ತದೆ. ಓಲ್‌ನ ಸಿಲಿಕಾನ್ ತುಂಡಿನಲ್ಲಂತೂ ಸಂಧಿ ತಾನಾಗಿಯೇ, ಕರಗಿದ ಸಿಲಿಕಾನ್ ಗಟ್ಟಿಯಾಗುವಾಗ, ಯಾರೂ ಬಯಸದೆ ಮೂಡಿತ್ತು.

ನೈಯಾಯಿಕರು ಮತ್ತು ವೈಶೇಷಿಕರು ಇದನ್ನು ಒಪ್ಪುವುದಿಲ್ಲ. ಮಡಕೆ ಮಣ್ಣಿನಲ್ಲಿಯೇ ಇದ್ದರೆ ಕುಂಬಾರ ಯಾಕೆ ಬೇಕು, ಮಣ್ಣಿನಲ್ಲಿಯೇ ನೀರು ತರಬಹುದಲ್ಲ ಎಂಬುದು ಅವರ ಮೊದಲ ಏಟು. ಇದ್ದದ್ದು ಪ್ರಕಟವಾಯಿತು ಎಂದು ಸಾಂಖ್ಯರು ಹೇಳಿದರೆ, ಆ ಪ್ರಕಟವಾಗುವಿಕೆ ಮೊದಲೇ ಇತ್ತೋ ಇಲ್ಲವೋ ಎಂಬುದು ಎರಡನೆಯ ಏಟು. ಇತ್ತು ಎಂದರೆ ಕುಂಬಾರ ಮತ್ತೆ ವ್ಯರ್ಥ; ಇರಲಿಲ್ಲ ಎಂದರೆ ಹೊಸತೊಂದು ಹುಟ್ಟಿತೆಂದು ಒಪ್ಪಿದಂತೆ. ಅವರ ಪ್ರಕಾರ ಮಡಕೆ ಹುಟ್ಟುವ ಮುನ್ನ ಅದರ ಪ್ರಾಗಭಾವ ಇರುತ್ತದೆ. ಇದು ವಿಚಿತ್ರವಾದ ಅಭಾವ: ಅದಕ್ಕೆ ಆರಂಭವಿಲ್ಲ, ಆದರೆ ಅಂತ್ಯವಿದೆ, ಮಡಕೆ ಹುಟ್ಟಿದ ಕ್ಷಣವೇ ಅದು ಕೊನೆಗೊಳ್ಳುತ್ತದೆ. ಪೇಟೆಂಟ್ ಕಾನೂನಿನಲ್ಲಿ ಹೊಸತನ ಎಂದು ಕರೆಯುವುದು ಹೆಚ್ಚುಕಡಿಮೆ ಇದನ್ನೇ. ಅರ್ಜಿ ಸಲ್ಲಿಸಿದ ದಿನಾಂಕದವರೆಗೆ ಆ ವಸ್ತುವಿನ ಪ್ರಾಗಭಾವ ಇತ್ತು ಎಂದು ಸಿದ್ಧವಾಗಬೇಕು.

ಉಡುಪಿಯ ಮಧ್ವಾಚಾರ್ಯರ ಪರಂಪರೆ ಇವೆರಡರ ನಡುವೆ ಬೇರೊಂದು ಹಾದಿ ಹಿಡಿದಿದೆ. ಹುಟ್ಟುವ ಮುನ್ನ ಕಾರ್ಯವು ಕಾರಣದ ರೂಪದಲ್ಲಿ ಇರುತ್ತದೆ, ಕಾರ್ಯದ ರೂಪದಲ್ಲಿ ಇರುವುದಿಲ್ಲ ಎಂಬ ಸದಸತ್ಕಾರ್ಯವಾದ ಅವರದು. ಪೇಟೆಂಟ್ ಕಾನೂನಿನ ವಿಂಗಡಣೆಗೆ ಅತಿ ಹತ್ತಿರವಾದದ್ದು ಈ ನಿಲುವೇ. ಭಾರತದ 1970ರ ಪೇಟೆಂಟ್ ಕಾಯ್ದೆಯ 3ನೇ ಕಲಮು ವೈಜ್ಞಾನಿಕ ತತ್ತ್ವವೊಂದರ ಶೋಧವನ್ನೂ ಪ್ರಕೃತಿಯಲ್ಲಿರುವ ವಸ್ತುವಿನ ಶೋಧವನ್ನೂ ಆವಿಷ್ಕಾರದ ಪಟ್ಟಿಯಿಂದ ಹೊರಗಿಟ್ಟಿದೆ. ಅಲ್ಲಿ ಸಾಂಖ್ಯರ ಮಾತಿಗೆ ಮನ್ನಣೆ. ಆ ತತ್ತ್ವವನ್ನು ದುಡಿಸಿಕೊಳ್ಳುವ ಸಾಧನಕ್ಕೆ ಪೇಟೆಂಟ್ ಕೊಡುತ್ತದೆ; ಅಲ್ಲಿ ನೈಯಾಯಿಕರ ಮಾತಿಗೆ ಮನ್ನಣೆ. ಒಂದೇ ವಸ್ತುವನ್ನು ಇದ್ದದ್ದು ಎಂದೂ ಇರದಿದ್ದದ್ದು ಎಂದೂ ಎರಡು ನೆಲೆಯಲ್ಲಿ ನೋಡುವುದು ಕಾನೂನಿಗೆ ವಿರೋಧಾಭಾಸವಾಗಿ ಕಾಣುವುದಿಲ್ಲ.

ಇನ್ನು ಅಭಾವವನ್ನು ತಿಳಿಯುವ ಪ್ರಶ್ನೆ. ಕರ್ನಾಟಕದ ಅರ್ಜಿದಾರರ ಕಡತ ಪೇಟೆಂಟ್ ಕಚೇರಿಯ ಚೆನ್ನೈ ಶಾಖೆಯ ವ್ಯಾಪ್ತಿಗೆ ಸೇರುತ್ತದೆ. ಅಲ್ಲಿನ ಪರೀಕ್ಷಕ ಅರ್ಜಿಯ ಕ್ಲೇಮುಗಳನ್ನು, ಅಂದರೆ ಅರ್ಜಿದಾರ ತನ್ನದೆಂದು ಬೇಲಿ ಹಾಕಿಕೊಂಡ ಅಂಶಗಳನ್ನು, ಒಂದೊಂದಾಗಿ ಬಿಡಿಸಿ ಹಳೆಯ ದಾಖಲೆಗಳಲ್ಲಿ ಹುಡುಕುತ್ತಾನೆ. ಎಲ್ಲ ಅಂಶಗಳೂ ಒಂದೇ ಹಳೆಯ ದಾಖಲೆಯಲ್ಲಿ ಸಿಕ್ಕಿದರೆ ಹೊಸತನ ಅಲ್ಲಿಗೇ ಮುಗಿಯಿತು. ಸಿಗದಿದ್ದರೆ? ಸಿಗಲಿಲ್ಲ ಎಂಬುದರಿಂದ ಇರಲಿಲ್ಲ ಎಂಬ ತೀರ್ಮಾನಕ್ಕೆ ದಾಟುವುದು ಹೇಗೆ ಎಂಬುದೇ ಇಲ್ಲಿನ ನಿಜವಾದ ತಾತ್ವಿಕ ಕಷ್ಟ.

ಏಳನೆಯ ಶತಮಾನದ ಕುಮಾರಿಲಭಟ್ಟ ಈ ದಾಟುವಿಕೆಗೆ ಒಂದು ಸ್ವತಂತ್ರ ಪ್ರಮಾಣವನ್ನೇ ಒಪ್ಪಿದ. ಅದ್ವೈತಿಗಳು ಅದನ್ನು ಅನುಪಲಬ್ಧಿ ಎಂಬ ಹೆಸರಿನಲ್ಲಿ ಆರನೆಯ ಪ್ರಮಾಣವಾಗಿ ಸ್ವೀಕರಿಸಿದರು. ಪ್ರಭಾಕರನ ಪಂಥ ಒಪ್ಪಲಿಲ್ಲ, ನೈಯಾಯಿಕರು ಅದನ್ನು ಪ್ರತ್ಯಕ್ಷದೊಳಗೇ ಸೇರಿಸಿದರು. ಆ ಜಗಳ ಇಲ್ಲಿ ಮುಖ್ಯವಲ್ಲ. ಮುಖ್ಯವಾದದ್ದು ಬಹುತೇಕ ಎಲ್ಲರೂ ಹಾಕಿದ ಒಂದು ಷರತ್ತು: ಕಾಣದಿರುವುದು ಸಾಕ್ಷಿಯಾಗಬೇಕಾದರೆ, ಆ ವಸ್ತು ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವಂಥ ಸನ್ನಿವೇಶ ಇರಬೇಕು. ಬೆಳಕಿರುವ ಕೋಣೆಯಲ್ಲಿ ಮಡಕೆ ಕಾಣದಿದ್ದರೆ ಮಡಕೆ ಇಲ್ಲ. ಕತ್ತಲ ಕೋಣೆಯಲ್ಲಿ ಕಾಣದಿದ್ದರೆ ಏನೂ ಹೇಳುವಂತಿಲ್ಲ. ಪುಣ್ಯಪಾಪಗಳು ಹಗಲಿನಲ್ಲಿಯೂ ಕಾಣುವುದಿಲ್ಲ, ಅಷ್ಟರಿಂದ ಅವು ಇಲ್ಲ ಎನ್ನಲು ಬಾರದು. ಇದನ್ನು ಯೋಗ್ಯಾನುಪಲಬ್ಧಿ ಎಂದರು. ಬೌದ್ಧ ತಾರ್ಕಿಕ ಧರ್ಮಕೀರ್ತಿ ಇನ್ನೂ ಕಟ್ಟುನಿಟ್ಟಾಗಿ, ದೇಶದಿಂದಲೋ ಕಾಲದಿಂದಲೋ ಸ್ವಭಾವದಿಂದಲೋ ದೂರವಾದ ವಸ್ತುವಿನ ವಿಷಯದಲ್ಲಿ ಕಾಣದಿರುವುದು ಸಂಶಯವನ್ನಷ್ಟೇ ಕೊಡುತ್ತದೆ, ನಿಶ್ಚಯವನ್ನಲ್ಲ ಎಂದ.

ಪೇಟೆಂಟ್ ಕಚೇರಿಗಳ ವರ್ಗೀಕರಣ ಪದ್ಧತಿ ಈ ಷರತ್ತನ್ನು ಪೂರೈಸಲು ಕಟ್ಟಿದ ದೀಪಸ್ತಂಭ. ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಸೌರಫಲಕಗಳ ಚೌಕಟ್ಟು, ಆಧಾರ, ಸ್ವಚ್ಛಗೊಳಿಸುವ ಉಪಾಯ ಇವೆಲ್ಲ ಎಚ್02ಎಸ್ ಎಂಬ ವಿಭಾಗದ ಕೆಳಗೆ ಬರುತ್ತವೆ. ಕೋಶದ ಒಳರಚನೆಗೆ ಬೇರೆ ವಿಭಾಗವಿದೆ. ದಾಖಲೆ ಯಾವ ದೇಶದ್ದಾಗಲಿ, ಯಾವ ಭಾಷೆಯದಾಗಲಿ, ಗುರುತು ಒಂದೇ. ಹೀಗಾಗಿ ಸರಿಯಾದ ವಿಭಾಗದಲ್ಲಿ ಹುಡುಕಿಯೂ ಸಿಗದಿದ್ದರೆ, ಇದ್ದಿದ್ದರೆ ಸಿಗುತ್ತಿತ್ತು ಎಂದು ಪರೀಕ್ಷಕ ಹೇಳಬಲ್ಲ. ಆದರೆ ಈ ಬೆಳಕು ಬೀಳದ ಮೂಲೆಗಳಿವೆ. ಅರ್ಜಿಗಳು ಸಾಮಾನ್ಯವಾಗಿ 18 ತಿಂಗಳು ಪ್ರಕಟವಾಗದೆ ಮುಚ್ಚಿರುತ್ತವೆ. ಮೊದಲೇ ಸಲ್ಲಿಕೆಯಾಗಿ ಇನ್ನೂ ಹೊರಬಾರದ ಅರ್ಜಿ ಹುಡುಕಾಟದ ದಿನ ಯಾರ ಕಣ್ಣಿಗೂ ಬೀಳುವುದಿಲ್ಲ. ಧರ್ಮಕೀರ್ತಿಯ ಮಾತಿನಲ್ಲಿ ಹೇಳುವುದಾದರೆ ಅದು ಅದೃಶ್ಯ. ಅದಕ್ಕಾಗಿಯೇ 13ನೇ ಕಲಮು, ಆಮೇಲೆ ಪ್ರಕಟವಾದರೂ ಮೊದಲಿನ ದಿನಾಂಕವುಳ್ಳ ಭಾರತೀಯ ಅರ್ಜಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ಹೇಳುತ್ತದೆ.

ಬೆಳಕು ಬೀಳದ ಇನ್ನೊಂದು ಮೂಲೆ ಹೆಚ್ಚು ನೋವಿನದು. ಗಾಯ ಮಾಗಿಸಲು ಅರಿಸಿನ ಬಳಸುವುದಕ್ಕೆ ಅಮೆರಿಕದಲ್ಲಿ 1995ರಲ್ಲಿ ಪೇಟೆಂಟ್ ಸಿಕ್ಕಿತು. ಅಲ್ಲಿನ ಪರೀಕ್ಷಕ ಹುಡುಕಿದ್ದ, ಸಿಕ್ಕಿರಲಿಲ್ಲ. ಭಾರತದ ಪ್ರತಿ ಅಡುಗೆಮನೆಯಲ್ಲಿದ್ದ ತಿಳಿವಳಿಕೆ ಆತ ಹುಡುಕುವ ಕಪಾಟಿನಲ್ಲಿ ಇರಲಿಲ್ಲ. ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಸಂಸ್ಕೃತ ಗ್ರಂಥಗಳ ಜೊತೆಗೆ 1953ರ ವೈದ್ಯಕೀಯ ಪತ್ರಿಕೆಯ ಪ್ರಬಂಧವನ್ನೂ ಮುಂದಿಟ್ಟ ಮೇಲೆ 1997ರಲ್ಲಿ ಆ ಪೇಟೆಂಟ್ ರದ್ದಾಯಿತು. ತಪ್ಪಾದದ್ದು ಅನುಪಲಬ್ಧಿಯಲ್ಲ, ಯೋಗ್ಯತೆ. ಕತ್ತಲ ಕೋಣೆಯನ್ನು ಬೆಳಕಿನ ಕೋಣೆ ಎಂದು ಭಾವಿಸಿದ್ದರು. ಭಾರತದ ಕಾಯ್ದೆ ಇಂದು ಸ್ಥಳೀಯ ಸಮುದಾಯಗಳಲ್ಲಿ ಬಾಯಿಂದ ಬಾಯಿಗೆ ಬಂದ ಜ್ಞಾನವನ್ನೂ ಪೇಟೆಂಟಿಗೆ ಆಕ್ಷೇಪ ಎತ್ತಲು ಆಧಾರವಾಗಿ ಒಪ್ಪುತ್ತದೆ. ಬರಹದಲ್ಲಿ ಇಲ್ಲದ್ದು ಜ್ಞಾನವೇ ಅಲ್ಲ ಎಂಬ ಅಹಂಕಾರವನ್ನು ಕಾನೂನು ಇಷ್ಟಾದರೂ ತಿದ್ದಿಕೊಂಡದ್ದು ನ್ಯಾಯವಾದ ಕೆಲಸ.

ಇದ್ದೂ ಗೊತ್ತಿಲ್ಲದೆ ಇದ್ದದ್ದನ್ನು ಇತ್ತು ಎನ್ನಬೇಕೇ ಎಂಬ ಉಪಪ್ರಶ್ನೆಯನ್ನು ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ 1995ರಲ್ಲಿ ಔಷಧಿಯೊಂದರ ಮೊಕದ್ದಮೆಯಲ್ಲಿ ಎದುರಿಸಿತು. ಲಾರ್ಡ್ ಹಾಫ್‌ಮನ್ ಅಲ್ಲಿ ಅಮೆಜಾನ್ ಕಾಡಿನ ಮೂಲನಿವಾಸಿಗಳ ಉದಾಹರಣೆ ಎತ್ತಿಕೊಂಡರು. ಅವರಿಗೆ ಕ್ವಿನೈನ್ ಎಂಬ ರಾಸಾಯನಿಕ ಗೊತ್ತಿರಲಿಲ್ಲ, ಆದರೆ ಜ್ವರ ಇಳಿಸುವ ತೊಗಟೆಯ ಸತ್ವ ಗೊತ್ತಿತ್ತು. ಬೇರೆ ವರ್ಣನೆಯ ಅಡಿಯಲ್ಲಿ ಅದೇ ವಸ್ತುವನ್ನು ಬಲ್ಲವರು ಅದನ್ನು ಬಲ್ಲವರೇ ಎಂಬುದು ವಾದದ ತಿರುಳು. ಆದರೆ ಯಾರ ಅರಿವಿಗೂ ಬಾರದೆ ಸುಮ್ಮನೆ ಇದ್ದದ್ದು, ಓಲ್ ಬಗ್ಗಿ ನೋಡುವ ಮುಂಚಿನ ಆ ಸಂಧಿಯಂತೆ, ಯಾರಿಗೂ ಏನನ್ನೂ ಕಲಿಸಿರಲಿಲ್ಲ. ಪೇಟೆಂಟಿನ ಕಣ್ಣಿಗೆ ಇರುವಿಕೆ ಎಂದರೆ ಯಾರಾದರೊಬ್ಬರ ತಿಳಿವಳಿಕೆಗೆ ನಿಲುಕುವಂತೆ ಇರುವುದು.

ಹೊಸತನ ದಾಟಿದ ಅರ್ಜಿ ಎರಡನೆಯ ಗಡಿಗೆ ಬರುತ್ತದೆ: ಆವಿಷ್ಕಾರದ ಹೆಜ್ಜೆ. ಆ ಕಸಬಿನಲ್ಲಿ ಪಳಗಿದವನಿಗೆ ಈ ವಿನ್ಯಾಸ ತಾನಾಗಿಯೇ ಹೊಳೆಯುತ್ತಿತ್ತೇ? ಇಲ್ಲಿ ಹಳೆಯ ದಾಖಲೆಗಳನ್ನು ಒಂದಕ್ಕೊಂದು ಜೋಡಿಸಿ ನೋಡಬಹುದು. ಈ ಪಳಗಿದವ ಎಲ್ಲಿಯೂ ಬದುಕಿಲ್ಲ. ಕಾನೂನು ಸೃಷ್ಟಿಸಿದ ಕಾಲ್ಪನಿಕ ಪುರುಷ ಆತ. ತನ್ನ ವಿದ್ಯೆಯ ಎಲ್ಲ ಪ್ರಕಟಣೆಗಳನ್ನೂ ಓದಿದ್ದಾನೆ, ಆದರೆ ಪ್ರತಿಭೆ ಇಲ್ಲ. ಯಂತ್ರದಷ್ಟು ಜಡನೂ ಅಲ್ಲ, ಸಾಧಾರಣ ಜಾಣ್ಮೆ ಅವನಿಗುಂಟು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2007ರಲ್ಲಿ ಸೇರಿಸಿತು. ಭಾರತದ ಸುಪ್ರೀಂ ಕೋರ್ಟ್ 1978ರಲ್ಲಿ ಬಿಶ್ವನಾಥ್ ಪ್ರಸಾದ್ ಪ್ರಕರಣದಲ್ಲಿ ಪಾತ್ರೆಗಳನ್ನು ಕಡೆಯುವ ಯಂತ್ರದಲ್ಲಿ ಮಾಡಿದ ಮಾರ್ಪಾಡನ್ನು ಇದೇ ಅಳತೆಯಿಂದ ಅಳೆದು, ಅದು ಕಾರ್ಖಾನೆಯ ದಿನನಿತ್ಯದ ಸುಧಾರಣೆಗಿಂತ ಹೆಚ್ಚಿನದಲ್ಲ ಎಂದು ಪೇಟೆಂಟನ್ನು ತಳ್ಳಿಹಾಕಿತು.

ಇಲ್ಲಿ ಪರೀಕ್ಷಕನ ಮನಸ್ಸು ಒಂದು ಮೋಸಕ್ಕೆ ಒಳಗಾಗುತ್ತದೆ. ಆವಿಷ್ಕಾರದ ವಿವರವನ್ನು ಓದಿಯಾದ ಮೇಲೆ ಅದರ ಬಿಡಿಭಾಗಗಳು ಹಳೆಯ ದಾಖಲೆಗಳಲ್ಲಿ ಎದ್ದೆದ್ದು ಕಾಣಲು ಶುರುವಾಗುತ್ತವೆ. ಮಡಕೆ ಕೈಗೆ ಬಂದ ಮೇಲೆ ಎಲ್ಲರೂ ಸಾಂಖ್ಯರೇ: ಅದು ಮಣ್ಣಿನಲ್ಲಿಯೇ ಇತ್ತಲ್ಲ ಎನ್ನುತ್ತಾರೆ. ಸತ್ಕಾರ್ಯವಾದವನ್ನು ಸೋಲಿಸುವುದು ಕಷ್ಟವಾದದ್ದಕ್ಕೂ ಒಂದು ಕಾರಣ ಇದೇ ಇರಬೇಕು. ಅದು ಯಾವಾಗಲೂ ಕಾರ್ಯ ಹುಟ್ಟಿದ ನಂತರದ ಕಾಲದಲ್ಲಿ ನಿಂತು ಮಾತಾಡುತ್ತದೆ. ಎಳ್ಳಿನಲ್ಲಿ ಎಣ್ಣೆಯಿದೆ ಎಂದು ಹೇಳಲು ಮೊದಲು ಯಾರಾದರೂ ಗಾಣ ತಿರುಗಿಸಿರಬೇಕು. ಪರೀಕ್ಷಕ ಮಾಡಬೇಕಾದದ್ದು ಇದಕ್ಕೆ ವಿರುದ್ಧವಾದ ಸಾಧನೆ. ತಿಳಿದದ್ದನ್ನು ಬದಿಗಿಟ್ಟು, ಅರ್ಜಿಯ ದಿನಾಂಕದ ಹಿಂದಿನ ದಿನಕ್ಕೆ ಹೋಗಿ, ಆ ದಿನದ ಅಜ್ಞಾನವನ್ನು ಪ್ರಾಮಾಣಿಕವಾಗಿ ತನ್ನದಾಗಿಸಿಕೊಂಡು ಮುಂದೆ ನೋಡಬೇಕು. ಜ್ಞಾನವನ್ನು ಗಳಿಸುವ ಶಿಸ್ತಿನ ಬಗ್ಗೆ ದರ್ಶನಗಳಲ್ಲಿ ಬೇಕಾದಷ್ಟಿದೆ. ಗಳಿಸಿದ್ದನ್ನು ಒಂದು ಗಳಿಗೆ ಕಳಚಿಡುವ ಶಿಸ್ತು ಅದಕ್ಕಿಂತ ಕಠಿಣ, ಮತ್ತು ಒಬ್ಬ ಸರ್ಕಾರಿ ನೌಕರನಿಂದ ಅದನ್ನು ದಿನವೂ ನಿರೀಕ್ಷಿಸಲಾಗುತ್ತದೆ ಎಂಬುದು ಗೌರವಕ್ಕೆ ಅರ್ಹವಾದ ಸಂಗತಿ.

ಈಚಿನ ವರ್ಷಗಳ ಸೌರಫಲಕವೊಂದು ಇದಕ್ಕೆ ಒಳ್ಳೆಯ ನಿದರ್ಶನ. ಹಳೆಯ ಫಲಕಗಳಲ್ಲಿ 60 ಅಥವಾ 72 ಪೂರ್ಣ ಕೋಶಗಳಿರುತ್ತಿದ್ದವು. ಈಗ ಪ್ರತಿ ಕೋಶವನ್ನೂ ಎರಡಾಗಿ ಕತ್ತರಿಸಿ 120 ಅಥವಾ 144 ಅರ್ಧಕೋಶಗಳನ್ನು ಜೋಡಿಸುತ್ತಾರೆ. ಅರ್ಧಕೋಶದಲ್ಲಿ ಹರಿಯುವ ವಿದ್ಯುತ್ತು ಅರ್ಧ. ತಂತಿಯಲ್ಲಿ ಶಾಖವಾಗಿ ಸೋರುವ ಶಕ್ತಿ ವಿದ್ಯುತ್ ಪ್ರವಾಹದ ವರ್ಗಕ್ಕೆ ಅನುಗುಣವಾದ್ದರಿಂದ ಕೋಶಗಳನ್ನು ಬೆಸೆಯುವ ಪಟ್ಟಿಗಳಲ್ಲಿನ ಸೋರಿಕೆ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಈ ನಿಯಮವನ್ನು ಜೂಲ್ 1841ರಲ್ಲಿಯೇ ಹೇಳಿದ್ದಾನೆ, ಶಾಲೆಯ ಮಕ್ಕಳಿಗೂ ಗೊತ್ತು. ಹಾಗೆಂದು ಅರ್ಧಕೋಶದ ಫಲಕ 1841ರಲ್ಲಿಯೇ ಇತ್ತು ಎನ್ನಲಾಗುವುದಿಲ್ಲ. ಕತ್ತರಿಸಿದ ಅಂಚಿನಲ್ಲಿ ವಿದ್ಯುತ್ತಿನ ಕಣಗಳು ವ್ಯರ್ಥವಾಗುತ್ತವೆ, ಬೆಸುಗೆಗಳು ಇಮ್ಮಡಿಯಾಗುತ್ತವೆ, ಬಿಲ್ಲೆ ಒಡೆಯುವ ಭಯವಿದೆ. ನಿಯಮ ಗೊತ್ತಿದ್ದವನು ಲಾಭವನ್ನು ಕಾಣುತ್ತಾನೆ. ಕಾರ್ಖಾನೆ ಬಲ್ಲವನು ನಷ್ಟವನ್ನು ಕಾಣುತ್ತಾನೆ. ಎರಡನ್ನೂ ತೂಗಿ, ಯಾವ ಕತ್ತರಿಕೆ ಯಾವ ಜೋಡಣೆಯಲ್ಲಿ ಲಾಭದ ಕಡೆ ವಾಲುತ್ತದೆ ಎಂದು ತೋರಿಸುವಲ್ಲಿ ಹೆಜ್ಜೆ ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು. ಪ್ರತಿ ಅರ್ಜಿಯನ್ನೂ ಅದರದರ ವಿವರದಲ್ಲಿಯೇ ನೋಡದೆ ಗತ್ಯಂತರವಿಲ್ಲ.

ಇಂಥ ಫಲಕಕ್ಕೆ 3ನೇ ಕಲಮಿನ ಇನ್ನೊಂದು ಅಡ್ಡಿಯೂ ಎದುರಾಗುತ್ತದೆ. ಗೊತ್ತಿರುವ ಸಾಧನಗಳನ್ನು ಸುಮ್ಮನೆ ಜೋಡಿಸುವುದು, ಮರುಜೋಡಿಸುವುದು ಅಥವಾ ಇಮ್ಮಡಿಸುವುದು, ಪ್ರತಿಯೊಂದೂ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿದ್ದರೆ, ಆವಿಷ್ಕಾರವಲ್ಲ ಎನ್ನುತ್ತದೆ ಆ ನಿಯಮ. ಅವಯವಗಳ ಕೂಟಕ್ಕಿಂತ ಬೇರೆಯಾದ ಅವಯವಿ ಎಂಬುದೊಂದು ಇದೆಯೇ ಎಂದು ನೈಯಾಯಿಕರೂ ಬೌದ್ಧರೂ ಶತಮಾನಗಳ ಕಾಲ ಸೆಣಸಿದ ಪ್ರಶ್ನೆ ಇಲ್ಲಿ ಕಚೇರಿಯ ಮೇಜಿನ ಮೇಲೆ ಬಂದು ಕೂರುತ್ತದೆ. ಬೌದ್ಧರಿಗೆ ರಥವೆಂದರೆ ಗಾಲಿ, ಅಚ್ಚು, ನೊಗಗಳಿಗೆ ಇಟ್ಟ ಹೆಸರು. ನೈಯಾಯಿಕರಿಗೆ ಭಾಗಗಳಲ್ಲಿ ನೆಲೆಸಿಯೂ ಅವುಗಳಿಗಿಂತ ಬೇರೆಯಾದ ಒಂದು ಪೂರ್ಣವಸ್ತು ನಿಜವಾಗಿ ಹುಟ್ಟುತ್ತದೆ. ಕಾನೂನು ಈ ವಿವಾದವನ್ನು ಬಗೆಹರಿಸಿಲ್ಲ, ಎರಡೂ ಬಗೆಯ ವಸ್ತುಗಳಿವೆ ಎಂದು ಹಂಚಿಕೊಟ್ಟಿದೆ. ಫಲಕದ ಮೇಲೆ ಒಂದು ಗಡಿಯಾರ ಕೂರಿಸಿದರೆ ಅದು ಬೌದ್ಧರ ಕೂಟ. ಅರ್ಧಕೋಶಗಳ ಮೇಲಿನ ಗುಂಪನ್ನೂ ಕೆಳಗಿನ ಗುಂಪನ್ನೂ ಸಮಾಂತರವಾಗಿ ಜೋಡಿಸಿದಾಗ, ಮುಂದಿನ ಸಾಲಿನ ನೆರಳು ಕೆಳಭಾಗವನ್ನು ಮುಚ್ಚಿದರೂ ಮೇಲ್ಭಾಗ ವಿದ್ಯುತ್ ಕೊಡುತ್ತಲೇ ಇರುತ್ತದೆ; ಯಾವ ಕೋಶದಲ್ಲಿಯೂ ಇಲ್ಲದ ಈ ಗುಣ ಜೋಡಣೆಯಲ್ಲಿ ಹುಟ್ಟಿದೆ. ಇದನ್ನು ನೈಯಾಯಿಕರ ಅವಯವಿ ಎನ್ನಬೇಕು. ಫಲಕದ ಹೊರ ಆಕಾರವಷ್ಟೇ ಹೊಸತಾದರೆ ಅದು 2000ದ ಡಿಸೈನ್ ಕಾಯ್ದೆಯ ಪಾಲಿನದು. ಅಲ್ಲಿ ಕಣ್ಣಿಗೆ ಕಾಣುವ ರೂಪವೊಂದೇ ಲೆಕ್ಕ, ಕೆಲಸವಲ್ಲ.

ಜೋಡಣೆಯಲ್ಲಿಯೇ ಹೊಸತನವಿದೆ ಎಂಬ ಮಾತನ್ನು ನೈಯಾಯಿಕನೊಬ್ಬ ವಿನಯದಿಂದ ತನ್ನ ಗ್ರಂಥಕ್ಕೇ ಅನ್ವಯಿಸಿಕೊಂಡದ್ದುಂಟು. ಒಂಬತ್ತನೆಯ ಶತಮಾನದ ಕಾಶ್ಮೀರದ ಜಯಂತಭಟ್ಟ ನ್ಯಾಯಮಂಜರಿಯ ಆರಂಭದಲ್ಲಿ, ಹೊಸ ವಿಷಯವನ್ನು ಕಲ್ಪಿಸುವ ಶಕ್ತಿ ತನ್ನಂಥವರಿಗೆ ಎಲ್ಲಿಯದು, ಮಾತುಗಳ ವಿನ್ಯಾಸದ ಸೊಗಸನ್ನಷ್ಟೇ ಇಲ್ಲಿ ನೋಡಬೇಕು ಎಂಬ ಅರ್ಥದ ಮಾತಾಡುತ್ತಾನೆ. ಅದೇ ಶತಮಾನದ, ಅದೇ ನಾಡಿನ ಆನಂದವರ್ಧನ ಧ್ವನ್ಯಾಲೋಕದ ಕೊನೆಯ ಭಾಗದಲ್ಲಿ ಹೋಲಿಕೆಯನ್ನು ಮೂರಾಗಿ ಬಿಡಿಸಿದ್ದಾನೆ: ಕನ್ನಡಿಯ ಬಿಂಬದಂತಿರುವುದು, ಚಿತ್ರದಂತಿರುವುದು, ಒಬ್ಬರನ್ನೊಬ್ಬರು ಹೋಲುವ ಇಬ್ಬರು ಮನುಷ್ಯರಂತಿರುವುದು. ಮೊದಲನೆಯದಕ್ಕೆ ತನ್ನದೇ ಆತ್ಮವಿಲ್ಲ, ಎರಡನೆಯದರ ಆತ್ಮ ತುಚ್ಛವಾದದ್ದು, ಇವೆರಡನ್ನೂ ಕವಿ ಬಿಡಬೇಕು. ಮೂರನೆಯದಕ್ಕೆ ಸ್ವಂತ ಜೀವವಿದೆ, ಅದನ್ನು ಬಿಡಬೇಕಿಲ್ಲ. ಪೇಟೆಂಟ್ ಪರೀಕ್ಷೆಯ ಶ್ರೇಣಿಗಳಿಗೆ ಇದಕ್ಕಿಂತ ಒಪ್ಪುವ ವಿಂಗಡಣೆ ಸಿಗುವುದು ಕಷ್ಟ. ಹಳೆಯ ದಾಖಲೆಯ ಬಿಂಬವಾದ ಅರ್ಜಿ ಹೊಸತನದಲ್ಲಿ ಬೀಳುತ್ತದೆ. ಮೇಲ್ನೋಟಕ್ಕೆ ಬದಲಾದ ಚಿತ್ರದಂಥದ್ದು ಆವಿಷ್ಕಾರದ ಹೆಜ್ಜೆಯಲ್ಲಿ ಬೀಳುತ್ತದೆ. ಹೋಲಿಕೆಯಿದ್ದರೂ ತನ್ನದೇ ಉಸಿರುಳ್ಳದ್ದು ಪಾರಾಗುತ್ತದೆ.

ಸೂರ್ಯನಿಗೆ ಸಂಬಂಧಿಸಿದ ವಸ್ತುವಿನ ಮೇಲೆ ಒಡೆತನ ಸಾಧಿಸುವುದರಲ್ಲಿ ಅಧರ್ಮವಿದೆಯೇ ಎಂಬ ಪ್ರಶ್ನೆಯೂ ಇದರೊಡನೆ ಬರುತ್ತದೆ. 1955ರ ಏಪ್ರಿಲ್ 12ರಂದು, ಬೆಲ್ ಅರ್ಜಿ ಇನ್ನೂ ಪರೀಕ್ಷೆಯಲ್ಲಿದ್ದಾಗ, ಪೋಲಿಯೊ ಲಸಿಕೆಯ ಜೋನಸ್ ಸಾಲ್ಕ್ ಟೆಲಿವಿಷನ್ ಸಂದರ್ಶನದಲ್ಲಿ ಲಸಿಕೆಯ ಪೇಟೆಂಟ್ ಯಾರದ್ದು ಎಂಬ ಪ್ರಶ್ನೆಗೆ ಅದು ಜನರದ್ದು ಎಂದು ಹೇಳಿ, ಸೂರ್ಯನಿಗೆ ಪೇಟೆಂಟ್ ಪಡೆಯಲಾದೀತೇ ಎಂದು ಮರುಪ್ರಶ್ನಿಸಿದ. ನ್ಯಾಯಾಲಯಗಳು ಈ ಮಾತನ್ನು ಮೊದಲೇ ಒಪ್ಪಿದ್ದವು. 1948ರಲ್ಲಿ ದ್ವಿದಳ ಸಸ್ಯಗಳ ಬೇರಿನ ಬ್ಯಾಕ್ಟೀರಿಯಾಗಳ ಮೊಕದ್ದಮೆಯಲ್ಲಿ ಅಮೆರಿಕದ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಪ್ರಕೃತಿಯ ಗುಣಗಳು ಎಲ್ಲ ಮನುಷ್ಯರ ಜ್ಞಾನಭಂಡಾರಕ್ಕೆ ಸೇರಿದ್ದು ಎಂದು ಬರೆಯುವಾಗ ಉದಾಹರಣೆಯಾಗಿ ಕೊಟ್ಟದ್ದು ಸೂರ್ಯನ ಶಾಖವನ್ನೇ. ಅದಕ್ಕೂ ಹಿಂದೆ, 1854ರಲ್ಲಿ, ವಿದ್ಯುತ್ಕಾಂತ ಶಕ್ತಿಯಿಂದ ದೂರದಲ್ಲಿ ಅಕ್ಷರ ಮೂಡಿಸುವ ಎಲ್ಲ ಬಗೆಯ ಹಕ್ಕೂ ತನಗೆ ಬೇಕೆಂದ ಮೋರ್ಸ್‌ನ ಕ್ಲೇಮು ಬಿದ್ದುಹೋಗಿತ್ತು, ಅವನ ತಂತಿಯಂತ್ರದ ಪೇಟೆಂಟ್ ಉಳಿದಿತ್ತು. ಬೆಳಕಿನ ಕಣಗಳ ಸಿದ್ಧಾಂತವನ್ನು ಐನ್‌ಸ್ಟೈನ್ ಬರೆದದ್ದು ಬರ್ನ್ ನಗರದ ಪೇಟೆಂಟ್ ಕಚೇರಿಯಲ್ಲಿ ಪರೀಕ್ಷಕನಾಗಿದ್ದಾಗ. ದಿನವಿಡೀ ಬೇರೆಯವರ ಯಂತ್ರಗಳ ಅರ್ಜಿಗಳನ್ನು ಪರೀಕ್ಷಿಸುತ್ತಿದ್ದವನು ಕಂಡುಕೊಂಡ ಅತಿ ಹೊಸ ಸಂಗತಿಗೆ ಅದೇ ಕಚೇರಿ ಪೇಟೆಂಟ್ ಕೊಡುವಂತಿರಲಿಲ್ಲ. ಆ ನಿಯಮ ಅವನಿಗಿಂತ ಮೊದಲೂ ಇತ್ತು, ಎಲ್ಲರದ್ದೂ ಆಗಿತ್ತು.

ತುಮಕೂರು ಜಿಲ್ಲೆಯ ಪಾವಗಡದ ಸೌರ ಪಾರ್ಕಿಗೆ ಸುಮಾರು 13,000 ಎಕರೆ ಜಮೀನನ್ನು ರೈತರಿಂದ ಗುತ್ತಿಗೆಗೆ ಪಡೆಯಲಾಗಿದೆ. ಅಲ್ಲಿ ಬಾಡಿಗೆ ಸಲ್ಲುವುದು ನೆಲಕ್ಕೆ. ಬಿಸಿಲಿಗೆ ಯಾರೂ ರಸೀದಿ ಬರೆದಿಲ್ಲ. ಫಲಕದ ಪೇಟೆಂಟಿಗೆ ಸಲ್ಲುವ ರಾಯಲ್ಟಿಯೂ ಆ ಜಾತಿಯದೇ, ಹಿಡಿಯುವ ಉಪಾಯಕ್ಕೆ ಕೊಡುವ ಬಾಡಿಗೆ. ಆದರೂ ಉಪಾಯವೆಂಬುದು ನೆಲದಂತಲ್ಲ. ಒಬ್ಬ ಬಳಸಿದರೆ ಇನ್ನೊಬ್ಬನಿಗೆ ಕಡಿಮೆಯಾಗುವುದಿಲ್ಲ, ಮತ್ತು ಯಾರ ಉಪಾಯವೂ ಪೂರ್ತಿ ಅವನೊಬ್ಬನದಲ್ಲ. ವೈದಿಕ ಪರಂಪರೆ ಮನುಷ್ಯ ಹುಟ್ಟುತ್ತಲೇ ಹೊರುವ ಮೂರು ಋಣಗಳನ್ನು ಹೇಳುವಾಗ ಋಷಿಋಣವನ್ನು ಎಣಿಸುತ್ತದೆ. ಹಿಂದಿನವರಿಂದ ಪಡೆದ ಅರಿವಿನ ಸಾಲವನ್ನು ಅಧ್ಯಯನದಿಂದ ತೀರಿಸಬೇಕೆನ್ನುತ್ತದೆ. ಬೆಕೆರೆಲ್, ಆಡಮ್ಸ್, ಫ್ರಿಟ್ಸ್, ಓಲ್ ಇವರೆಲ್ಲರಿಗೂ ಬೆಲ್‌ನ ಮೂವರು ಋಣಿಗಳು. ಪೇಟೆಂಟ್ ಕಾನೂನು ಈ ಸಾಲವನ್ನು ಎರಡು ರೀತಿಯಲ್ಲಿ ವಸೂಲು ಮಾಡುತ್ತದೆ. ಅರ್ಜಿದಾರ ತನಗೆ ಗೊತ್ತಿರುವ ಅತ್ಯುತ್ತಮ ವಿಧಾನವನ್ನು ಮುಚ್ಚಿಡದೆ ಬರೆಯಬೇಕು, ಅದನ್ನು ಯಾರು ಬೇಕಾದರೂ ಓದಬಹುದು; ಭಾರತದಲ್ಲಿ 20 ವರ್ಷ ಕಳೆದ ಮೇಲೆ ಯಾರು ಬೇಕಾದರೂ ಮಾಡಬಹುದು. ಅವಧಿಯ ಮಿತಿಯಿಲ್ಲದ ಪೇಟೆಂಟ್ ಇದ್ದಿದ್ದರೆ ಅದನ್ನು ಋಣದ ನಿರಾಕರಣೆ ಎಂದೇ ಕರೆಯಬೇಕಾಗುತ್ತಿತ್ತು. ಮಿತಿಯಿರುವುದರಿಂದಲೇ ಈ ಏರ್ಪಾಡು ಧರ್ಮದ ಗಡಿಯೊಳಗೆ ನಿಲ್ಲುತ್ತದೆ.

ಪರೀಕ್ಷೆ ಮುಗಿದು ಪೇಟೆಂಟ್ ಸಿಕ್ಕಿದರೆ ಅದು ಸತ್ಯವೆಂದು ಸಿದ್ಧವಾದಂತೆಯೇ? ಜ್ಞಾನವು ಬಾಧಕ ಬರುವವರೆಗೆ ತನ್ನಿಂದ ತಾನೇ ಪ್ರಮಾಣ ಎಂದು ಮೀಮಾಂಸಕರೂ ವೇದಾಂತಿಗಳೂ ಹೇಳುತ್ತಾರೆ, ಇದು ಸ್ವತಃಪ್ರಾಮಾಣ್ಯ. ಜ್ಞಾನ ಸರಿಯೆಂಬುದು ಬೇರೆ ಆಧಾರದಿಂದ, ಮುಖ್ಯವಾಗಿ ಅದನ್ನು ನಂಬಿ ನಡೆದಾಗ ಸಿಗುವ ಫಲದಿಂದ ತಿಳಿಯಬೇಕು ಎಂದು ನೈಯಾಯಿಕರು, ಇದು ಪರತಃಪ್ರಾಮಾಣ್ಯ. ಅಮೆರಿಕದ ಕಾನೂನು ಕೊಟ್ಟ ಪೇಟೆಂಟನ್ನು ಸಿಂಧುವೆಂದೇ ಭಾವಿಸುತ್ತದೆ, ಅಲ್ಲವೆನ್ನುವವನು ಸಾಧಿಸಬೇಕು. ಭಾರತದ 13ನೇ ಕಲಮು ಇದಕ್ಕೆ ಎದುರಾಗಿ, ಪರೀಕ್ಷೆ ನಡೆದಿದೆ ಎಂಬ ಮಾತ್ರಕ್ಕೆ ಪೇಟೆಂಟ್ ಸಿಂಧುವೆಂದು ಭರವಸೆ ಕೊಟ್ಟಂತಾಗುವುದಿಲ್ಲ ಎಂದು ತಾನೇ ಹೇಳಿಕೊಳ್ಳುತ್ತದೆ. ಪೇಟೆಂಟ್ ಕೊಟ್ಟದ್ದು ಪ್ರಕಟವಾದ ಒಂದು ವರ್ಷದೊಳಗೆ ಯಾವ ಆಸಕ್ತರೂ ವಿರೋಧ ಸಲ್ಲಿಸಬಹುದು, ಆಮೇಲೆಯೂ 64ನೇ ಕಲಮಿನಡಿ ರದ್ದತಿ ಕೇಳಬಹುದು. ಹಿಂದೆ ಇರಲಿಲ್ಲ ಎಂಬ ತೀರ್ಪು ಅನುಪಲಬ್ಧಿಯ ಮೇಲೆ ನಿಂತಿದೆ, ಆ ಅನುಪಲಬ್ಧಿ ಎಂದಿಗೂ ಪೂರ್ತಿ ಯೋಗ್ಯವಾಗಲಾರದು. ಇದನ್ನು ಅರಿತ ಕಾನೂನು ಭಾರತದ್ದು. ಪರತಃಪ್ರಾಮಾಣ್ಯದ ನಿಲುವೇ ಇಲ್ಲಿ ಹೆಚ್ಚು ಪ್ರಾಮಾಣಿಕ.

ಪೇಟೆಂಟ್ ಕೊನೆಗೊಳ್ಳುವ ಎರಡು ಬಗೆಗಳ ನಡುವೆಯೂ ಅಭಾವದ ವ್ಯತ್ಯಾಸ ಕಾಣುತ್ತದೆ. ಅಂದಿನ ಅಮೆರಿಕದ ನಿಯಮದಂತೆ ಕೊಟ್ಟ ದಿನದಿಂದ 17 ವರ್ಷ ಬಾಳಿದ ಬೆಲ್ ಪೇಟೆಂಟ್ 1974ರಲ್ಲಿ ಅವಧಿ ಮುಗಿಸಿತು. ವೈಶೇಷಿಕರ ಲೆಕ್ಕದಲ್ಲಿ ಅದು ಪ್ರಧ್ವಂಸಾಭಾವ: ಇದ್ದು, ಕೆಲಸ ಮಾಡಿ, ಇಲ್ಲವಾಯಿತು. ಹಳೆಯ ದಾಖಲೆ ಸಿಕ್ಕಿ ರದ್ದಾದ ಪೇಟೆಂಟಿನ ಗತಿ ಬೇರೆ. ಅಂಥದ್ದಕ್ಕೆ ಮೊದಲ ದಿನದಿಂದಲೇ ಪರಿಣಾಮವಿರಲಿಲ್ಲ ಎಂದು ಯುರೋಪಿನ ಪೇಟೆಂಟ್ ಒಪ್ಪಂದ ಸ್ಪಷ್ಟ ಮಾತಿನಲ್ಲಿ ಹೇಳಿದೆ. ಅದರ ಬೇಲಿ ದಾಟಿದನೆಂದು ದೂರಿಗೆ ಒಳಗಾದ ತಯಾರಕ ಯಾವ ಬೇಲಿಯನ್ನೂ ದಾಟಿರಲಿಲ್ಲ, ಅವನು ಮಾಡಿದ್ದ ಫಲಕಗಳು ಮಾಡಿದ ದಿನದಿಂದಲೇ ಆ ಹಕ್ಕಿನ ಹಂಗಿಲ್ಲದವು.